ಟಕ್ ಅನ್ನದ ಕ್ಯಾಮೆರಾ

ಯಾರ ಕಣ್ಣಿಗೂ ಬೀಳಬಾರದು ಅಂತ ನಾನು ಎಷ್ಟು ಹುಷಾರಾಗಿರುತ್ತೇನೋ, ನನ್ನ ಸುತ್ತ ನಗೆಪಾಟಲಿನ ಪ್ರಸಂಗಗಳು ಅಷ್ಟೇ ಧಾರಾಳವಾಗಿ ನಡೆಯುತ್ತವೆ. ನಂಜನಗೂಡಿನ ಒಂದು ಸ್ಟುಡಿಯೋದಲ್ಲಿ ಫೋಟೊ ತೆಗೆಯುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಓದಿದ್ದರಿಂದ ನಾಲ್ಕು ಜನರ ಮುಂದೆ ಕನ್ನಡ ಮಾತಾಡಲು ನಾಚಿಕೆ. ಇಂಗ್ಲಿಷ್ ಮಾತಾಡಲು ಅದಕ್ಕಿಂತ ನಾಚಿಕೆ. ಅದಕ್ಕೇ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ. ಹಳೆಯ ಕ್ಯಾಮೆರಾದ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತದೆ, ಬಟನ್ ಒತ್ತಿದಾಗೆಲ್ಲ ಅದು ಎಗರಿ ಬಿದ್ದು ಟಕ್ ಅನ್ನುತ್ತದೆ. ಇದರಲ್ಲಿ ಕನ್ನಡಿಯೇ ಇಲ್ಲ. ಉಳಿದಿದ್ದ ಪುಟ್ಟ ಸದ್ದನ್ನೂ ನಾನೇ ಆಫ್ ಮಾಡಿಟ್ಟೆ.

"ಸದ್ದಿಲ್ದೆ ಇದ್ರೆ ಜನ ನಂಬಲ್ಲ ಕಣಮ್ಮ" ಅಂದರು ಓನರ್. ಮೂರು ಫಂಕ್ಷನ್ ನೋಡ್ತೀನಿ, ದೂರು ಬಂದರೆ ಮತ್ತೆ ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಸೈಜ್ ಕತ್ತರಿಸ್ತಾ ಇರು ಅಂತಲೂ ಅಂದರು.

ಕೊಕ್ಕರೆ

ಮೊದಲ ಪರೀಕ್ಷೆ ಕಪಿಲೆಯ ದಡದಲ್ಲಿ, ಬೆಳಗಿನ ಮಂಜಿನಲ್ಲಿ. ಈ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಕಾಣುವುದು ಹೊಳೆಯಲ್ಲ, ಹೊಳೆಯನ್ನು ತೋರಿಸುವ ಬೆರಳಿನ ಉಗುರಿನಷ್ಟು ಪುಟ್ಟ ಟಿ.ವಿ. ಫೋಟೊ ಹೇಗೆ ಬರುತ್ತದೋ ಹಾಗೇ ಮೊದಲೇ ಕಾಣುತ್ತದೆ. ಮಂಜನ್ನು ಸ್ವಲ್ಪ ನೀಲಿ ಮಾಡಿದೆ, ಸ್ವಲ್ಪ ಬೆಳ್ಳಗೆ ಮಾಡಿದೆ. ನೀರಿನಂಚಿಗೆ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಹತ್ತಿರ ಹೋಗಿ ನಲವತ್ತು ಫೋಟೊ ತೆಗೆದೆ, ಅದಕ್ಕೆ ಗೊತ್ತೇ ಆಗಲಿಲ್ಲ. ಹಾಗೇ ಕಿಂಡಿಯಲ್ಲಿ ಕನಸು ಕಾಣುತ್ತ ನಿಂತುಬಿಟ್ಟೆ. ಸುಮ್ಮನೆ ನೋಡುತ್ತ ನಿಂತರೂ ಇದರ ಬ್ಯಾಟರಿ ಕರಗುತ್ತದೆ ಅಂತ ಅವತ್ತೇ ತಿಳಿದದ್ದು.

ಹಿಂದೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ಬಹಳ ಹೊತ್ತು ತಡೆದುಕೊಂಡು ಕೊನೆಗೆ ಅಂದರು: "ಅವ್ವಾ, ಕೊಕ್ರೆ ಆರೋಗಕ್ ಮುಂಚೆ ಒಂದಾದ್ರೂ ತಗಿ."

ಕಳಲೆಯಲ್ಲಿ ಕರೆಂಟು

ಮೊದಲ ಫಂಕ್ಷನ್ ಕಳಲೆಯಲ್ಲಿ ಒಂದು ನಾಮಕರಣ. ಹದಿನಾಲ್ಕು ಜನ ಸಾಲಾಗಿ ನಿಂತರು. ತೆಗೆದೆ, ಕ್ಯಾಮೆರಾ ಕೆಳಗಿಳಿಸಿದೆ. ಯಾರೂ ಅಲ್ಲಾಡಲಿಲ್ಲ. ಆಯ್ತು ಅಂತ ತಲೆಯಾಡಿಸಿದೆ. ಅವರ ಕಣ್ಣೆಲ್ಲ ಲೆನ್ಸಿನ ಮೇಲೆ, ನನ್ನ ತಲೆ ಯಾರಿಗೆ ಬೇಕು? ಕೈಕಾಲು ಆಡಿಸುತ್ತಿದ್ದದ್ದು ಮಗು ಮಾತ್ರ. ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆ, ಅಲ್ಲಾಡಿದರೆ ಫೋಟೊ ಕೆಟ್ಟೀತು ಅಂತ ಅವರಿಗೆ ಭಯ. ಒಳಗೆ ಪಾಯಸ ಆರುತ್ತಿತ್ತು.

ಆಗ ಹಿಂದಿನ ಸಾಲಿನಲ್ಲಿದ್ದ ಮಗುವಿನ ಮಾವ ತುಟಿ ಅಲ್ಲಾಡಿಸದೆ ಪಕ್ಕದವನಿಗೆ ವಿವರಿಸಿದ: "ಕರೆಂಟ್ ಓಗ್ಯದೆ ಕಣ್ಲಾ. ಬರೋಗಂಟ ತಗಿಯಾಕಾಯ್ತದಾ?"

ಸುದ್ದಿ ಓನರ್‌ಗೆ ಮುಟ್ಟಿತು. ಮುಂದಿನ ಸಲ ನೀನೇ ಬಾಯಲ್ಲಿ ಟಕ್ ಅನ್ನು ಅಂದರು. ಮನೆಗೆ ಬಂದು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಅಲ್ಲೂ ನಾಚಿಕೆಯಾಯಿತು.

ಮಾವನ ಕಣ್ಣು

ಎರಡನೆಯದು ಚಿಕ್ಕಯ್ಯನಛತ್ರದ ಕಡೆ ಒಂದು ನಿಶ್ಚಿತಾರ್ಥ. ಈ ಕ್ಯಾಮೆರಾ ತಾನೇ ಮನುಷ್ಯರ ಕಣ್ಣು ಹುಡುಕಿ ಫೋಕಸ್ ಹಿಡಿಯುತ್ತದೆ. ಜನರ ಕಣ್ಣು ತಪ್ಪಿಸುವ ನನ್ನಂಥವಳಿಗೆ ಇದು ದೊಡ್ಡ ಉಪಕಾರ. ಆದರೆ ಅವತ್ತು ಹುಡುಗನ ಬೆನ್ನ ಹಿಂದೆ ಒಂದು ಫ್ಲೆಕ್ಸು, ಅದರಲ್ಲಿ ಹುಡುಗಿಯ ಅಪ್ಪನ ಮುಖ, ಆಳೆತ್ತರಕ್ಕೆ. ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಎಷ್ಟೋ ಫೋಟೊಗಳಲ್ಲಿ ಮಾವನ ರೆಪ್ಪೆ ಎಣಿಸಬಹುದು, ಹುಡುಗ ಮಾತ್ರ ಮಂಜು.

ಅಳುವುದೊಂದು ಬಾಕಿ. ಓನರ್ ಕನ್ನಡಕ ಏರಿಸಿ ನೋಡಿದರು, ನೆಟ್ಟಗೆ ಬಂದವನ್ನಷ್ಟೇ ಆರಿಸಿದರು, ಉಳಿದವನ್ನು ಒರೆಸಿಹಾಕುತ್ತ ಅಂದರು: "ಇದ್ರಲ್ಲಿ ತಪ್ಪೇನಿಲ್ಲ ಕಣಮ್ಮ. ಮದುವೆ ಆದ್ಮೇಲೆ ಇರೋದು ಹಿಂಗೇ."

ಅಜ್ಜಿಯ ಎರಡು ಫೋಟೊ

ಮೂರನೆಯದು, ಕೊನೆಯ ಅವಕಾಶ, ಟಿ. ನರಸೀಪುರದ ಮದುವೆ. ಹುಡುಗಿಯ ಅಜ್ಜಿ ಬೆಳಿಗ್ಗೆಯೇ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ತಿಥಿ ದಿನ ಹಾರ ಹಾಕಲು ತಮ್ಮದೊಂದು ಒಳ್ಳೆ ಫೋಟೊ ಬೇಕಂತೆ. ಮನೆಯಲ್ಲಿರುವುದು ಆಧಾರ್ ಕಾರ್ಡಿನದು. ಅದನ್ನಿಟ್ಟರೆ ಕಾಗೆಯೂ ಎಡೆ ಮುಟ್ಟಲ್ಲವಂತೆ.

ಮುಹೂರ್ತ ಮುಗಿದು ಅಜ್ಜಿಯ ಸರದಿ ಬಂತು. ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ತುಟಿ ಬಿಗಿದು, ಉಸಿರು ಕಟ್ಟಿದರು. ಥೇಟ್ ಆಧಾರ್ ಕಾರ್ಡು. ಅಷ್ಟರಲ್ಲಿ ಕಿಂಡಿ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು. ಇನ್ನೊಂದು ಬ್ಯಾಟರಿ ವೇದಿಕೆಯ ಕೆಳಗೆ, ಚೀಲದಲ್ಲಿತ್ತು. ಇಡೀ ಛತ್ರ ನೋಡುತ್ತಿತ್ತು. ಬ್ಯಾಟರಿ ಇಲ್ಲ ಅಂದರೆ ದೂರು, ದೂರು ಅಂದರೆ ಕೌಂಟರು. ಅಜ್ಜಿ ಉಸಿರು ಬಿಡುತ್ತಲೇ ಇಲ್ಲ.

ನಾನು ಕಣ್ಣು ಮುಚ್ಚಿ ಅಂದುಬಿಟ್ಟೆ: "ಟಕ್."

ಅಜ್ಜಿ ಉಸಿರು ಬಿಟ್ಟರು. ನಾನು ಕೆಳಗೆ ಹಾರಿ ಬ್ಯಾಟರಿ ಬದಲಿಸಿ ಮೇಲೆ ಬರುವಷ್ಟರಲ್ಲಿ ಅವರು ಮೊಮ್ಮಗಳ ಕಡೆ ತಿರುಗಿ, ಬೊಚ್ಚುಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. "ಕ್ಯಾಮ್ರಾದ ದನಿನೂ ಈ ಫೋಟೊ ತಗಿಯೋ ಕೂಸಿನ ದನಿಯಂಗೇ ಸಣ್ಣಕದೆ ಕಣವ್ವ."

ನಗುನಗುತ್ತ ಬಾಯಿಗೆ ಅಡ್ಡವಿದ್ದ ಕೈ ಪಕ್ಕಕ್ಕೆ ಸರಿಯಿತು. ಕಿಟಕಿಯ ಬಿಸಿಲು ಬೆಳ್ಳಿಕೂದಲ ಮೇಲೆ ಬಿದ್ದಿತ್ತು. ನಾನು ಸದ್ದಿಲ್ಲದೆ ಒತ್ತಿದೆ. ಕೊಕ್ಕರೆಯ ಹಾಗೆ, ಅಜ್ಜಿಗೂ ಗೊತ್ತಾಗಲಿಲ್ಲ.

ವಾರ ಬಿಟ್ಟು ಆ ಫೋಟೊಗೆ ಕಟ್ಟು ಹಾಕಿಸಿ ಮನೆಗೆ ಕೊಂಡುಹೋದೆ. ಅಜ್ಜಿ ಬಹಳ ಹೊತ್ತು ನೋಡಿದರು, ಇದ್ಯಾವಾಗ ತಗದೆ ಅಂತ ಕೇಳಿದರು. ಆಮೇಲೆ ಗೋಡೆಯ ಮೇಲೆ ಜಾಗ ತೋರಿಸಿದರು.

"ಇದು ಚೆಂದಾಗದೆ, ನಾನಿರೋಗಂಟ ಇಲ್ಲಿರ್ಲಿ. ತಿಥಿಗೆ ಆ ಟಕ್ ಅಂದಿದ್ದು ಕೊಡು."

ಹುಡುಕುತ್ತಿದ್ದೇನೆ ಅಜ್ಜಿ ಅಂದೆ. ಈಗಲೂ ಆಗಾಗ ಸ್ಟುಡಿಯೋಗೆ ಫೋನ್ ಬರುತ್ತದೆ, ಸಿಕ್ತಾ ಅಂತ. ಇಲ್ಲ ಅಂದರೆ ಅಜ್ಜಿಗೆ ಬೇಜಾರಿಲ್ಲ: ನಿಧಾನಕ್ಕೆ ಹುಡುಕು, ಅದು ಸಿಕ್ಕೋಗಂಟ ನಾನೆಲ್ಲೂ ಓಗಾಕಿಲ್ಲ ಅನ್ನುತ್ತಾರೆ.

ಓನರ್‌ಗೆ ನಿಜ ಹೇಳಿದ್ದೇನೆ. ಅವರು ನನ್ನನ್ನು ಕೌಂಟರಿಗೆ ಕೂರಿಸಲಿಲ್ಲ. ಹಾಳಾದದ್ದು ಯಾವತ್ತೂ ಸಿಗದಿರಲಿ, ನೀನು ಹುಡುಕ್ತಾನೇ ಇರು ಕಣಮ್ಮ ಅಂದರು.