ವೈರಿಲ್ಲದ ಮನೆಯಲ್ಲಿ ಕಾಳಮ್ಮಜ್ಜಿ

"ಸೋಮವಾರ ನೀನು ಬರೋ ಹೊತ್ತಿಗೆ ಈ ಮನೇಲಿ ಒಂದೇ ಒಂದು ವೈರು ಕಣ್ಣಿಗೆ ಬಿದ್ರೆ ನಾನು ಚಂದ್ರಹಾಸನೇ ಅಲ್ಲ!"

ಫೋನಿನಲ್ಲಿ ಹೀಗೆ ಗುಡುಗಿದ ವೀರ, ದುರ್ಗಿಗುಡಿಯ ಬಾಡಿಗೆ ಮನೆಯ ಹಾಲಿನಲ್ಲಿ ಕಾಲಿಗೆ ಸುತ್ತಿಕೊಂಡ ಮೂರು ವೈರುಗಳನ್ನು ಬಿಡಿಸಿಕೊಳ್ಳಲಾಗದೆ ಒಂಟಿ ಕಾಲಿನಲ್ಲಿ ನಿಂತಿದ್ದ. ಆ ಕಡೆ ಭದ್ರಾವತಿಯ ಜನ್ನಾಪುರದ ತವರಿನಿಂದ ಹೆಂಡತಿ ಶೀಲಾ ತಣ್ಣಗೆ ಹೇಳಿದಳು: "ಹೆಸರು ಆಮೇಲೆ ಬದಲಾಯಿಸ್ಕೊಳ್ಳಿ, ಮೊದ್ಲು ವೈರು ತೆಗೀರಿ. ಒಂದು ಕಂಡ್ರೂ ಬಂದ ಬಸ್ಸಲ್ಲೇ ವಾಪಸ್ ಹೋಗ್ತೀನಿ. ಮಗಳನ್ನ ಫೋಟೋದಲ್ಲಿ ನೋಡ್ಕೊಂಡಿರಿ."

ಅವಳ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಚಂದ್ರಹಾಸ ಮನೆಯಲ್ಲೇ ಕುಳಿತು ಫ್ಲೆಕ್ಸ್ ಬ್ಯಾನರುಗಳ ವಿನ್ಯಾಸ ಮಾಡುವವನು. ಎರಡು ಸಾವಿರದ ಎಂಟರಲ್ಲಿ ಒಂದರ ಪಕ್ಕ ಒಂದು, ಎರಡು ದೊಡ್ಡ ಹೈ ರೆಸಲ್ಯೂಷನ್ ಮಾನಿಟರ್ ತಂದ. "ಮನುಷ್ಯನ ಮುಖದ ಸುಕ್ಕನ್ನೂ ಎಣಿಸ್ಬಹುದು ಸಾರ್" ಎಂದಿದ್ದ ಅಂಗಡಿಯವನು. ಸುಕ್ಕುಗಳ ಜೊತೆಗೆ ಮನೆ ತುಂಬ ವೈರು ಬರುತ್ತದೆಂದು ಮಾತ್ರ ಹೇಳಿರಲಿಲ್ಲ. ಪಕ್ಕದ ಮನೆಯ ಕಾಳಮ್ಮಜ್ಜಿ ಹೊಸ್ತಿಲಲ್ಲೇ ನಿಂತು, "ಇದೇನು ಮಾರಾಯ, ಮನೆಯೋ ಹಾವಿನ ಹುತ್ತವೋ?" ಎಂದು ಬೈದೇ ಒಳಗೆ ಬರುತ್ತಿದ್ದಳು. ಒಂಬತ್ತು ತಿಂಗಳ ಮಗಳು ಇಂಪನಾ ಅಂಬೆಗಾಲಿಟ್ಟ ಮೊದಲ ದಿನವೇ ಮಾನಿಟರಿನ ಕರೆಂಟ್ ವೈರನ್ನು ಬಾಯಿಗಿಟ್ಟುಕೊಂಡಳು. ಶೀಲಾ ಚೀರಿದಳು, ಬ್ಯಾಗು ತುಂಬಿದಳು, ಹೊರಟೇಬಿಟ್ಟಳು.

ಹದಿನೈದು ದಿನವಾಯಿತು. ಅಷ್ಟರಲ್ಲಿ ಕಾಳಮ್ಮಜ್ಜಿಯೂ ತೀರಿಕೊಂಡಳು. ಖಾಲಿ ತೊಟ್ಟಿಲು ನೋಡಿದಾಗಲೆಲ್ಲ ಚಂದ್ರಹಾಸ ಅದನ್ನೊಮ್ಮೆ ತೂಗಿ ಬರುತ್ತಿದ್ದ.

ಸರಿ, ಶನಿವಾರ ಮಹಾಯುದ್ಧ ಶುರುವಾಯಿತು. ಮಾನಿಟರುಗಳು ಗೋಡೆ ಏರಿದವು. ಅವುಗಳ ವೈರುಗಳು ಪಿವಿಸಿ ಪೈಪಿನೊಳಗೆ ನುಗ್ಗಿ, ಕೆಳಗಿದ್ದ ಹಳೆಯ ಮರದ ಬೀರುವಿಗೆ ಇಳಿದವು. ಸಿಪಿಯು, ಮೋಡೆಮ್ಮು, ಯುಪಿಎಸ್ಸು, ಜಂಕ್ಷನ್ ಬಾಕ್ಸು, ಕೊನೆಗೆ ಸ್ವಿಚ್ಚು ಸಹ ಬೀರುವಿನೊಳಗೇ! ಕರೆಂಟು ಹೋದಾಗ ಬ್ಯಾಟರಿಯ ಯುಪಿಎಸ್ ಕೀಂಗುಡಲು ಶುರುಮಾಡಿದರೆ ಮಗು ಎದ್ದೀತೆಂದು ಅದಕ್ಕೊಂದು ಕಂಬಳಿ ಸುತ್ತಿದ. ಬಾಗಿಲಿಗೆ ಹದಿನಾರು ಸ್ಕ್ರೂ ಬಿಗಿದ. ಗಾಳಿಯಾಡಲಿ ಎಂದು ತಳದಲ್ಲಿ ಒಂದು ಕಂಡಿ ಕೊರೆದು ಅದಕ್ಕೆ ಪುಟ್ಟ ಬಟ್ಟೆಯ ಪರದೆ ಬಿಟ್ಟ. ಕೀಬೋರ್ಡು, ಮೌಸುಗಳೂ ವೈರಿಲ್ಲದವೇ ಬಂದವು. ಮಾನಿಟರುಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಾಗಿಲ ಹಿಂದೆ ಅಡ್ಡ ಮಲಗಿಸಿ, ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದ. ಒಂದೂ ವೈರಿಲ್ಲ! ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಸೋಮವಾರ ಅಮಾವಾಸ್ಯೆ. ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗಿತ್ತು. ಮಾರನೆಯ ದಿನ ಕಾಳಮ್ಮಜ್ಜಿಯ ಹನ್ನೊಂದನೇ ದಿನದ ಕಾರ್ಯ. ಶ್ರದ್ಧಾಂಜಲಿ ಫ್ಲೆಕ್ಸ್ ಸಂಜೆಯೊಳಗೆ ಮುಗಿಯಬೇಕು. ಮಾನಿಟರಿನ ಪರದೆಯ ಮೇಲೆ ಹೊಳಪು ಬೀಳದಿರಲೆಂದು ಕಿಟಕಿ ಮುಚ್ಚಿ, ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದಾಗಲೇ ಶೀಲಾ ಮಗುವನ್ನೆತ್ತಿಕೊಂಡು ಬಂದಳು. ಹಿಂದೆ ಮಾವ ಹುಲಿಯಪ್ಪ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದ ಮನುಷ್ಯ. ಬೇರೆಯವರು ಜೇಬಿನಲ್ಲಿ ಪೆನ್ನಿಡುವ ಕಡೆ ಆತ ಟೆಸ್ಟರ್ ಇಡುತ್ತಾನೆ.

ಮಾವ ಬಗ್ಗಿ ನೋಡಿದ, ಮಂಚದಡಿ ನೋಡಿದ, ಗೋಡೆ ತಟ್ಟಿದ. "ಭೇಷ್ ಅಳಿಯಂದ್ರೇ! ಎಲ್ಲಿ ನುಂಗಿದ್ರಿ ಅಷ್ಟೊಂದು ವೈರನ್ನ?"

"ಅದು ಕಂಪನಿ ಗುಟ್ಟು ಮಾವ!"

ಶೀಲಾ ನಕ್ಕಳು. ಹದಿನೈದು ದಿನದ ಮೇಲೆ ಆ ನಗು! ಅಷ್ಟರಲ್ಲಿ ಗೋಡೆಯ ಮಾನಿಟರಿನಲ್ಲಿ ಅಜ್ಜಿಯ ಹಾರ ಹಾಕಿದ ಮುಖ ಕಂಡು ಅವಳ ಕಣ್ಣು ತುಂಬಿತು. "ಪಾಪ, ಇಂಪು ಅಂದ್ರೆ ಪ್ರಾಣ ಅಜ್ಜಿಗೆ. 'ಮಗೂನ ನನಗೇ ಕೊಟ್ಬಿಡೇ' ಅಂತಿದ್ಲು."

ನಿದ್ದೆಹೋಗಿದ್ದ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಸುತ್ತ ದಿಂಬಿಟ್ಟು, ಮೂವರೂ ಊಟಕ್ಕೆ ಅಡುಗೆಮನೆಗೆ ಹೋದರು. ಸಾರು ಬಡಿಸುವಾಗಲೇ ಕರೆಂಟು ಹೋಯಿತು. ಹಾಲಿನಿಂದ ಸಣ್ಣಗೆ ಒಂದು ನರಳಾಟ ಕೇಳಿಸಿತು.

"ಉಂಯ್..."

"ಮಗು ಎದ್ದಿದೆ" ಎನ್ನುತ್ತಾ ಶೀಲಾ ಎದ್ದಳು. ಹಾಲಿಗೆ ಕಾಲಿಟ್ಟವಳು ಅಲ್ಲೇ ಮರಗಟ್ಟಿ ನಿಂತಳು. ಎಂಜಲು ಕೈಯಲ್ಲೇ ಬಂದ ಗಂಡಸರಿಬ್ಬರೂ ನಿಂತರು.

ಮನೆಯಿಡೀ ಕತ್ತಲು. ಗೋಡೆಯ ಮೇಲೆ ಕಾಳಮ್ಮಜ್ಜಿಯ ಮುಖವೊಂದೇ ಬೆಳಗುತ್ತಿತ್ತು. ಆ ಮುಖ ಚಲಿಸುತ್ತಿತ್ತು! ಎಡ ಪರದೆಯಿಂದ ನಿಧಾನವಾಗಿ ಜರುಗಿ, ಹಾರದ ಸಮೇತ ಬಲ ಪರದೆಗೆ ಬಂತು. ಅಲ್ಲಿ ನಿಂತು ದೊಡ್ಡದಾಗತೊಡಗಿತು. ಮೊದಲು ಇಡೀ ಮುಖ, ಆಮೇಲೆ ಎಲೆಯಡಿಕೆ ಕೆಂಪಿನ ಬಾಯಿ, ಆಮೇಲೆ ಒಂದೇ ಒಂದು ಕಣ್ಣು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ರೆಪ್ಪೆಯ ಸುಕ್ಕನ್ನೂ ಎಣಿಸಬಹುದಿತ್ತು. ಎಣಿಸುವ ಧೈರ್ಯ ಯಾರಿಗಿದೆ?

"ರೀ... ಯಾರು ಮಾಡ್ತಿರೋದು ಅದನ್ನ?"

"ನಾನಲ್ಲ ಮಾರಾಯ್ತಿ! ನನ್ನ ಕೈಲಿ ಅನ್ನ ಇದೆ!"

ಆಗ ಶೀಲಾ ಕೆಳಗೆ ನೋಡಿದಳು. ಚಾಪೆ ಖಾಲಿ.

"ಅಯ್ಯೋ ದೇವ್ರೇ, ಮಗು! ಅಜ್ಜಿ ಮಗೂನ ಕರ್ಕೊಂಡು ಹೋದ್ಲು!"

ಮಂಚದಡಿ ನೋಡಿದರು, ತೊಟ್ಟಿಲು ನೋಡಿದರು, ಇಲ್ಲ. ಬೀದಿ ಬಾಗಿಲಿನ ಚಿಲಕ ಹಾಕಿದಂತೆಯೇ ಇದೆ. ಮತ್ತೆ ಕೇಳಿಸಿತು, ಬೀರುವಿನೊಳಗಿಂದ. "ಉಂಯ್..."

"ಅದು... ಅದು ಯುಪಿಎಸ್ಸು" ಎಂದ ಚಂದ್ರಹಾಸ. ಹಾಗೆನ್ನುತ್ತಲೇ ಅವನಿಗೇ ಅನುಮಾನ ಹತ್ತಿತು. ಯುಪಿಎಸ್ ಕೂಗುವುದು ಕೀಂ ಕೀಂ ಎಂದು. ಇದು ಉಸಿರು ಕಟ್ಟಿದ ಕೂಸಿನ ದನಿ. ಅಷ್ಟರಲ್ಲಿ ಬೀರುವಿನ ತಳದ ಪರದೆಯತ್ತ ಕಣ್ಣು ಹೋಯಿತು. ಅದು ಒಂದು ಪಕ್ಕಕ್ಕೆ ಸರಿದಿತ್ತು. ಆ ಕಂಡಿಯಲ್ಲಿ ಒಂಬತ್ತು ತಿಂಗಳ ಮಗು ಧಾರಾಳವಾಗಿ ತೂರುತ್ತದೆ! ಒಳಗೆ ಹದಿನೆಂಟು ವೈರು. ಕರೆಂಟು ಹೋದರೂ ಯುಪಿಎಸ್ಸಿನಿಂದ ಅವಕ್ಕೆ ಜೀವವಿದೆ. ಆರಿಸೋಣವೆಂದರೆ ಸ್ವಿಚ್ಚೂ ಒಳಗೇ!

ಚಂದ್ರಹಾಸ ಬೀರುವಿನತ್ತ ಹಾರಿದ. "ಇಂಪೂ! ಏನೂ ಮುಟ್ಬೇಡ ಕಂದಾ, ಅಪ್ಪ ಬಂದೆ!" ಎನ್ನುತ್ತಾ ಸ್ಕ್ರೂಡ್ರೈವರ್ ಹಿಡಿದ. ಅವಸರದಲ್ಲಿ ಉಲ್ಟಾ ತಿರುವಿ ಸ್ಕ್ರೂವನ್ನು ಇನ್ನಷ್ಟು ಬಿಗಿದ.

"ಹದಿನಾರು ಸ್ಕ್ರೂ ಯಾವ ಕರ್ಮಕ್ಕೆ ಹೊಡೆದ್ರಿ? ನಿಧಿ ಹೂತಿದ್ರಾ? ಸರೀರಿ ಆ ಕಡೆ!" ಹುಲಿಯಪ್ಪ ಅಡುಗೆಮನೆಯಿಂದ ರುಬ್ಬುಗುಂಡು ಹೊತ್ತು ತಂದು ಬಾಗಿಲಿನ ಮೇಲ್ಭಾಗಕ್ಕೆ ಎರಡೇ ಏಟು ಹಾಕಿದ. ಬೀರು ಬಾಯಿ ಬಿಟ್ಟಿತು. ಕಪ್ಪು ವೈರುಗಳ ರಾಶಿ ಬುಳಬುಳನೆ ಹೊರಗೆ ಬಿದ್ದು ಹಾಲಿನ ತುಂಬ ಹರಡಿತು. ಚಂದ್ರಹಾಸ ಅದರೊಳಗೇ ಧುಮುಕಿ, ಬೆಚ್ಚಗಿದ್ದ ಕಂಬಳಿಯ ಗಂಟನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತ.

"ಕಂದಾ! ನನ್ನ ಚಿನ್ನಾ!"

"ಉಂಯ್!" ಎಂದಿತು ಕಂಬಳಿಯೊಳಗೆ ದನಿ ಅಡಗಿದ್ದ ಯುಪಿಎಸ್ಸು.

ಅದೇ ಹೊತ್ತಿಗೆ ಬಾಗಿಲ ಹಿಂದಿನ ಕತ್ತಲಲ್ಲಿ ಯಾರೋ ಕಿಲಕಿಲ ನಕ್ಕರು. ಗೋಡೆಯ ಮೇಲಿನ ಒಂಟಿ ಕಣ್ಣು ಗಿರ್ರನೆ ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯಿತು. ಮೂವತ್ತು ವರ್ಷ ಬೆಂಕಿಯ ಕುಲುಮೆಗೆ ಹೆದರದ ಹುಲಿಯಪ್ಪ ರುಬ್ಬುಗುಂಡನ್ನು ಕೆಳಗಿಟ್ಟು ಕೈಮುಗಿದ. "ಕಾಳಮ್ಮಾ, ತಾಯೀ, ಮಗೂನ ಕೊಟ್ಬಿಡಮ್ಮ. ನಾಳೆ ನಿನ್ನ ಎಡೆಗೆ ಹೋಳಿಗೆ ಇಡಿಸ್ತೀನಿ. ತುಪ್ಪದ ಸಮೇತ!"

ರಟ್ಟಿನ ಪೆಟ್ಟಿಗೆ ಅಲುಗಾಡಿತು. ಅದರೊಳಗಿಂದ ಮೊದಲು ಒಂದು ಪುಟ್ಟ ಕೈ ಬಂತು, ಆಮೇಲೆ ತಲೆ. ಇಂಪನಾ! ಬಾಯಲ್ಲಿ ವೈರಿಲ್ಲದ ಮೌಸು. ಅದರ ಗುಂಡಿ ಕಚ್ಚಿದಾಗ ಅಜ್ಜಿ ಸಿಕ್ಕಿಬೀಳುತ್ತಿದ್ದಳು, ನೆಲಕ್ಕೆ ಉಜ್ಜಿದಾಗ ಓಡಾಡುತ್ತಿದ್ದಳು, ಚಕ್ರ ತಿರುವಿದಾಗ ಬೆಳೆಯುತ್ತಿದ್ದಳು.

ಶೀಲಾ ಓಡಿ ಮಗುವನ್ನು ಬಾಚಿ ತಬ್ಬಿಕೊಂಡಳು. ಅತ್ತಳು, ಮುತ್ತಿಟ್ಟಳು, ಮತ್ತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹಾಲನ್ನೊಮ್ಮೆ ನೋಡಿದಳು. ಕಾಲಿಡಲು ಜಾಗವಿಲ್ಲದಂತೆ ವೈರು. ನಡುವೆ ಕಂಬಳಿ ಗಂಟನ್ನು ಇನ್ನೂ ತಬ್ಬಿಕೊಂಡೇ ಕುಳಿತ ಗಂಡ.

"ಅಲ್ಲ ಅಳಿಯಂದ್ರೇ" ಎಂದ ಹುಲಿಯಪ್ಪ, ಬೆವರೊರೆಸಿಕೊಳ್ಳುತ್ತಾ. "ಇರಬೇಕಾದ ಕಡೆ ವೈರು ತೆಗೆದ್ರಿ, ಇರಬಾರದ ಕಡೆ ತುಂಬಿದ್ರಿ. ಆ ಮೌಸಿಗೊಂದು ವೈರಿದ್ದಿದ್ರೆ ಅದನ್ನ ಹಿಡ್ಕೊಂಡು ಹೋಗಿದ್ರೆ ಮಗು ಸಿಗ್ತಿತ್ತು. ನನ್ನ ಹೋಳಿಗೆನೂ ಉಳೀತಿತ್ತು." ಹಾಗೆಂದವನೇ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, ವೈರಿಲ್ಲದ ಆ ಮೌಸಿನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಹಾಕಿದ.

ಚಂದ್ರಹಾಸ ತಲೆ ಎತ್ತದೆ ಕೇಳಿದ: "ಶೀಲಾ... ಬಸ್ಸಿಗೆ ಹೋಗ್ತೀಯಾ?"

"ಎಲ್ಲೂ ಹೋಗಲ್ಲ. ನಿಮ್ಮನ್ನ ಒಬ್ರನ್ನೇ ಬಿಟ್ರೆ ಮನೇನೇ ಸ್ಕ್ರೂ ಹೊಡೆದು ಮುಚ್ತೀರಿ." ಅವಳು ಮಗುವನ್ನು ಸೊಂಟಕ್ಕೇರಿಸಿ, ಒಂದೊಂದೇ ವೈರನ್ನು ಕಾಲಿನಿಂದ ಸರಿಸುತ್ತಾ ಅವನ ಎದುರು ಬಂದು ನಿಂತಳು. "ಅದಿರ್ಲಿ. ಒಂದು ವೈರು ಕಂಡ್ರೂ ಚಂದ್ರಹಾಸನೇ ಅಲ್ಲ ಅಂದಿದ್ರಲ್ಲ. ಈಗ ಹೇಳಿ, ನಿಮ್ಮ ಹೊಸ ಹೆಸರೇನು?"

ಚಂದ್ರಹಾಸ ಬಾಯಿ ತೆರೆದ. ಅವನ ಎದೆಗಂಟಿಕೊಂಡಿದ್ದ ಕಂಬಳಿಯೇ ಅವನ ಪರವಾಗಿ ಉತ್ತರ ಕೊಟ್ಟಿತು.

"ಉಂಯ್!"