ತೋಪಿನಲ್ಲಿ ನಲ್ಲಿ

ಹೆಂಡತಿಯ ಸೀರೆ ಒಗೆಯುವುದಕ್ಕಾಗಿ ಹಿಂದೂಪುರದ ರೈಲ್ವೆ ಸ್ಟೇಷನ್ನನ್ನೇ ಬಿಚ್ಚಿಕೊಂಡು ಹೋದ ಮನುಷ್ಯ ಎಂದು ನಮ್ಮ ಸೋದರಮಾವನ ಬಗ್ಗೆ ಕಲ್ಯಾಣದುರ್ಗದಲ್ಲಿ ಕೆಲವರು ಇಂದಿಗೂ ಹೇಳುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆ ಇದೆ. ಸ್ಟೇಷನ್ನು ಇದ್ದಲ್ಲೇ ಇದೆ, ನಾನು ದಿನವೂ ನೋಡುತ್ತೇನೆ. ಮಾವ ಕೊಂಡೊಯ್ದದ್ದು ಗುಜರಿಯಲ್ಲಿ ಬಿದ್ದಿದ್ದ ಐದು ಪೈಪು, ಎರಡು ನಲ್ಲಿ, ಹಲ್ಲು ಸವೆದ ಒಂದು ಸ್ಪ್ಯಾನರು. ಸೀರೆಯ ವಿಷಯ ಮಾತ್ರ ನಿಜ.

ಮಾವ ಇಂಜಿನ್‌ಗಳಿಗೆ ನೀರು ತುಂಬಿಸುವ ಪಂಪಿನ ಮನೆಯಲ್ಲಿ ಫಿಟ್ಟರಾಗಿದ್ದವರು. ಪಿಂಚಣಿಯಾದ ಮೇಲೆ ಅತ್ತೆಯ ತವರೂರಾದ ಕಲ್ಯಾಣದುರ್ಗಕ್ಕೆ ಹೋಗಿ ನಿಂತರು. ಮನೆಯ ಪಕ್ಕಕ್ಕೇ ಕ್ಯಾಂಪು ತೋಪು. ತೋಪು ಎಂದರೆ ಹತ್ತು ಹುಣಸೆಮರ, ಒಂದು ಮೆಟ್ಟಿಲು ಬಾವಿ. ಬ್ರಹ್ಮಸಮುದ್ರದ ಕಡೆಯ ಕಡಲೆಕಾಯಿ ಗಾಡಿಗಳು ಅಲ್ಲಿ ಬೀಡು ಬಿಡುತ್ತಿದ್ದವು. ಸರ್ಕಾರಿ ಸಾಹೇಬರು ಬಂದರೆ ಅಲ್ಲೇ ಡೇರೆ. ಎಲ್ಲರೂ ಬಾವಿಗಿಳಿದು ಮಂಡಿಯುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಆ ನೀರಿನಿಂದ ಊರಿಗೆಲ್ಲ ನಾರುಹುಣ್ಣು, ಕಾಲಿನೊಳಗೆ ಹುಳು ಬೆಳೆಯುವ ರೋಗ. ಅತ್ತೆಯ ಬಲಗಾಲು ಅದರಿಂದಲೇ ಮಡಿಸಿದಂತೆ ನಿಂತುಬಿಟ್ಟಿತ್ತು, ಹುಣ್ಣೂ ಮಾಯ್ದಿರಲಿಲ್ಲ. ಅವರು ಬಾವಿಗಿಳಿಯುವಂತಿರಲಿಲ್ಲ. ಮಾವನೇ ಇಳಿದರು, ಹೆಂಡತಿಯ ಸೀರೆ ಹಿಡಿದುಕೊಂಡು.

ಗಂಡಸು ಸೀರೆ ಒಗೆಯುವುದನ್ನು ಕಂಡರೆ ಊರು ಸುಮ್ಮನಿರುತ್ತದೆಯೇ?

"ಏನಣ್ಣೋ, ಅಂಚು ಬಲು ಚೆಂದಾಗೈತೆ. ಯಾವತ್ತು ಉಡ್ತೀಯಾ?" ಎಂದು ಗಾಡಿಯವನೊಬ್ಬ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

"ಒಣಗಿದ್ಮ್ಯಾಲೆ ಬಾ ಕಣ್ಲಾ," ಎಂದರು ಮಾವ, ತಲೆಯೆತ್ತದೆ. "ನಿಂಗೇ ಉಡಿಸಿ ಕಳಿಸ್ತೀನಿ."

ಮಾವನಿಗೆ ಇದು ತಮಾಷೆ. ಜಗುಲಿಯ ಮೇಲೆ ಕೂತಿದ್ದ ಅತ್ತೆಗೆ ಅಲ್ಲ. ಕಾಲುನೋವಿನ ಮಾತನ್ನು ಅವರು ನನ್ನೆದುರು ಒಮ್ಮೆಯೂ ಆಡಿದವರಲ್ಲ. ಆ ದಿನ ಮಾತ್ರ ಹೇಳಿದರು: "ನನ್ನಿಂದ ಅವರು ನಗೆಪಾಟ್ಲಾದ್ರು ಕಣಪ್ಪ. ನನ್ನ ಬಟ್ಟೆ ನಾನು ಒಗ್ಕೊಳ್ಳಂಗಾದ್ರೆ ಸಾಕು, ಇನ್ನೇನೂ ಬ್ಯಾಡ."

ಮರುದಿನವೇ ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಪ್ಲಾನು ಎದ್ದಿತು. ಬಾವಿಯ ನೀರನ್ನು ಗಾಡಿಯವರ ಎತ್ತುಗಳೇ ಕಪಿಲೆಯಲ್ಲಿ ಸೇದುವುದು, ನೀರು ಎತ್ತರದ ಕಲ್ಲುತೊಟ್ಟಿಗೆ ಬೀಳುವುದು, ಅಲ್ಲಿಂದ ಪೈಪು, ಪೈಪಿನ ತುದಿಗೆ ಒಗೆಯುವ ಕಲ್ಲು, ಎರಡು ನಲ್ಲಿ. ಯಾರೂ ನೀರಿಗೆ ಕಾಲಿಡಬೇಕಾಗಿಲ್ಲ. ಸುಣ್ಣ ಬಳಿದ ಗೋಡೆ ಹಾಳಾಯಿತೆಂದು ಅತ್ತೆ ಮೊದಲು ಮುನಿದರು, ಆಮೇಲೆ ಪ್ಲಾನು ನೋಡಿದರು.

"ಕಲ್ಲಿನ ಪಕ್ಕಕ್ಕೆ ಇದೇನು ಸೊನ್ನೆ?"

"ಅದು ನೀನು ಕಣೇ."

"ನಾನು ಸೊನ್ನೆನಾ?"

"ಕುಂತಿದ್ದೀಯಲ್ಲ. ಮ್ಯಾಗ್ಲಿಂದ ನೋಡಿದ್ರೆ ಯಾರಾದ್ರೂ ಹಂಗೇ ಕಾಣೋದು."

ಅತ್ತೆ ನಕ್ಕದ್ದನ್ನು ಅದೆಷ್ಟೋ ದಿನದ ಮೇಲೆ ಕಂಡೆ.

ಎರಡನೇ ಮಹಾಯುದ್ಧ ಮುಗಿದಿದ್ದರೂ ಪೈಪಿಗೆ ಬರ. ಹಿಂದೂಪುರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಸಿಕ್ಕಿದ ಐದನ್ನು ಮಾವ ಇದ್ದಿಲ ಗ್ಯಾಸಿನ ಬಸ್ಸಿನ ನೆತ್ತಿಗೇರಿಸಿದರು. ಜೊತೆಗೆ ನಾನೂ ಇದ್ದೆ. ಪೈಪು ಬಸ್ಸಿಗಿಂತ ಒಂದು ಮೊಳ ಉದ್ದ.

"ಸ್ವಾಮೀ, ಪೈಪು ಬಸ್ಸಿನ ಮ್ಯಾಲೆ ಹೋಯ್ತದೋ, ಬಸ್ಸು ಪೈಪಿನ ಕೆಳಗೆ ಹೋಯ್ತದೋ?" ಎಂದು ಕಂಡಕ್ಟರು ಕೇಳಿದ.

"ಯಾವ್ದೋ ಒಂದು ಹೋಗ್ಲಿ ಬಿಡಪ್ಪ, ಕಲ್ಯಾಣದುರ್ಗ ಬಂದ್ರಾಯ್ತು."

ಏರು ಬಂದಲ್ಲೆಲ್ಲ ಬಸ್ಸು ನಿಂತಿತು. ಬಸುರಿಯೊಬ್ಬಳನ್ನು ಬಿಟ್ಟು ಎಲ್ಲರೂ ಇಳಿದು ತಳ್ಳಿದೆವು. ಮಾವ ನೆತ್ತಿಯಿಂದ ಇಳಿಯಲಿಲ್ಲ. ತಾವು ಇಳಿದರೆ ಪೈಪೂ ಇಳಿಯುತ್ತದೆ, ಅದು ಯಾರ ತಲೆಯ ಮೇಲೆ ಎಂಬುದನ್ನು ಹೇಳಲಾಗದು ಎಂದರು. ನಾವು ಇನ್ನಷ್ಟು ಜೋರಾಗಿ ತಳ್ಳಿದೆವು!

ತೋಪು ಸರ್ಕಾರದ್ದು, ಆದ್ದರಿಂದ ಅಪ್ಪಣೆ ಬೇಕು. ಯುಗಾದಿ ಕಳೆದ ವಾರ ಮಾವ ಕಚೇರಿಯ ಭಾಷೆಯಾದ ತೆಲುಗಿನಲ್ಲಿ ಅರ್ಜಿ ಬರೆದರು. ಅವರ ತೆಲುಗು ಚೆನ್ನಾಗಿಯೇ ಇತ್ತು. ಒಂದೇ ಒಂದು ಪದ ಮನೆಯ ಕನ್ನಡದಿಂದ ಜಾರಿ ಅದರೊಳಗೆ ಬಿತ್ತು: ಕ್ಯಾಂಪು ತೋಪಿನಲ್ಲಿ, ಪ್ರಯಾಣಿಕರ ಅನುಕೂಲಕ್ಕಾಗಿ, ಸ್ವಂತ ಖರ್ಚಿನಿಂದ ಎರಡು 'ನಲ್ಲಿ' ಬಿಡಲು ಅಪ್ಪಣೆಯಾಗಬೇಕು. ತೆಲುಗಿನಲ್ಲಿ ನಲ್ಲಿ ಎಂದರೆ ತಿಗಣೆ.

ಕಚೇರಿಯ ಸಾಹೇಬರು ಕರಾವಳಿಯ ಕಡೆಯಿಂದ ಹೊಸದಾಗಿ ಬಂದವರು, ಕನ್ನಡ ಕೇಳದವರು. ಗುಮಾಸ್ತ ಎರಡೂ ಭಾಷೆ ಬಲ್ಲವನು, ಆದರೆ ಸಾಹೇಬರನ್ನು ತಿದ್ದುವ ಧೈರ್ಯವಿಲ್ಲದವನು. ಎರಡು ತಿಂಗಳಿಗೆ ಉತ್ತರ ಬಂತು: ಸದರಿ ಜೀವಿಗಳು ತೋಪಿನಲ್ಲಿ ಈಗಾಗಲೇ ಸಾಕಷ್ಟಿವೆ, ಹೊರಗಿನಿಂದ ತರುವ ಅಗತ್ಯ ಕಂಡುಬರುವುದಿಲ್ಲ.

ನಾನು ನಕ್ಕೆ. ಹಿಂದೂಪುರಕ್ಕೆ ಬಂದು ನಾಲ್ಕು ಜನಕ್ಕೆ ಹೇಳಿ ಅವರನ್ನೂ ನಗಿಸಿದೆ. ಇನ್ನೊಂದು ಅರ್ಜಿಯಲ್ಲಿ, ತೆಲುಗಿನಲ್ಲೂ ನಡೆಯುವಂತೆ, 'ಕೊಳಾಯಿ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಮಾವ ಒಪ್ಪಲಿಲ್ಲ.

"ಮೂವತ್ತು ವರ್ಷ ನಲ್ಲಿ ಬಿಚ್ಚಿ ಹಾಕಿದೋನು ನಾನು. ಅದರ ಹೆಸರು ನಂಗೆ ಅವನು ಹೇಳ್ಕೊಡ್ತಾನಾ?" ಎಂದು, 'ನನ್ನ ನಲ್ಲಿ ಕಚ್ಚುವುದಿಲ್ಲ, ನೀರು ಬಿಡುತ್ತದೆ' ಎಂದು ವಿವರಣೆ ಬರೆದು ಕಳಿಸಿದರು. ಅದಕ್ಕೆ ಉತ್ತರವೇ ಬರಲಿಲ್ಲ. ಮತ್ತೆ ಮೂರು ತಿಂಗಳು ಹೋಯಿತು.

ಪೈಪು ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದಾಗ ನಾನು ಅತ್ತೆಯನ್ನು ಕೇಳಿದೆ, ಮಾವನಿಗೆ ಇದೇನು ಇಷ್ಟು ಹಟ ಎಂದು. ಅತ್ತೆ ಒಳಗೆ ಇಣುಕಿ, ಮಾವ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. ನಾರುಹುಣ್ಣಿನ ಹುಳು ಕಾಲಿನಿಂದ ದಾರದ ಹಾಗೆ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೊಂದು ಅಂಗುಲ ಎಳೆಯಬೇಕು, ನಡುವೆ ಹರಿದರೆ ಕಾಲು ಕೆಡುತ್ತದೆ. ಎಳೆಯಲು ಬಂದವನನ್ನು ಮಾವ ವಾಪಸು ಕಳಿಸಿದ್ದರು.

"ನೇಯೋರ ಮನೇಲಿ ಹುಟ್ಟಿದೋನು ನಾನು, ನನ್ನ ಕೈಯಾಗೆ ಎಳೆ ಹರಿಯಾಕಿಲ್ಲ ಅಂದ್ರು," ಎಂದರು ಅತ್ತೆ. "ಎಂಟು ದಿನ ಸರಿಯಾಗೇ ಎಳೆದ್ರು. ಒಂಬತ್ತನೇ ದಿನ ಹರಿದ್ಬುಡ್ತು. ನಾನು ಏನೂ ಅನ್ನಲಿಲ್ಲ ಕಣಪ್ಪ. ಅವರೇ ಅವತ್ತಿಂದ ಒಳಗಿರೋ ಅವರಪ್ಪನ ಮಗ್ಗದ ಕಡೆ ತಲೆ ಹಾಕಿಲ್ಲ."

ಆ ಸಂಜೆ ನಾನೇ ಮೂರನೆಯ ಅರ್ಜಿ ಬರೆದೆ. ಕೊಳಾಯಿ ಎಂದೇ ಬರೆದೆ. ಮಾವ ಅದನ್ನು ಓದಿ ರುಜು ಹಾಕಿದರು.

ಮಂಜೂರಾತಿ ಮೂರೇ ಸಾಲಿನಲ್ಲಿ ಬಂತು, ದೀಪಾವಳಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅತ್ತೆ ತೀರಿಕೊಂಡು ಹದಿನೇಳು ದಿನವಾಗಿತ್ತು. ಮಾಯದ ಹುಣ್ಣಿಗೆ ಧನುರ್ವಾಯು ತಗಲಿ ಮೂರು ದಿನದಲ್ಲಿ ಹೋದರು. ಕೊನೆಯ ದಿನ ದವಡೆ ಕಚ್ಚಿಕೊಂಡಿತ್ತು, ಮಾತಿರಲಿಲ್ಲ.

ಮಾವ ಕೆಲಸ ಬಿಡುತ್ತಾರೆಂದು ಎಲ್ಲರೂ ಎಣಿಸಿದ್ದೆವು. ಕಾಗದ ಬಂದ ಮರುದಿನ ಗುದ್ದಲಿ ಹಿಡಿದು ತೋಪಿಗೆ ಹೋದರು. ಒಬ್ಬರೇ ಕಾಲುವೆ ತೋಡಿದರು, ಪೈಪು ಜೋಡಿಸಿದರು, ಸಂದಿಗಳಿಗೆ ಸಣಬು ಸುತ್ತಿದರು. ಆ ತಿಂಗಳು ಬಾವಿಯ ಬಳಿ ಯಾರೂ ಅವರನ್ನು ಛೇಡಿಸಲಿಲ್ಲ. ಅವರು ಬಾವಿಗೆ ಒಗೆಯಲು ತರುವಂಥದ್ದೂ ಏನಿರಲಿಲ್ಲ.

ನೀರು ಬಿಟ್ಟ ದಿನ ನಾನಿದ್ದೆ. ಮೊದಲು ತುಕ್ಕು ಬಂತು, ಆಮೇಲೆ ತಿಳಿನೀರು. ಗಾಡಿಯವನ ಹೆಂಡತಿಯೊಬ್ಬಳು ಬಟ್ಟೆಯ ಗಂಟು ಇಳಿಸಿ, ಕಲ್ಲಿನ ಮುಂದೆ ಬಗ್ಗಿ ನೋಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಣ್ಣಾ, ಕಲ್ಲು ಬಲು ತಗ್ಗಾಯ್ತು. ನಿಂತ್ಕೊಂಡು ಒಗಿಯಾಕಾಗಲ್ಲ."

ನಿಜ. ಆ ಕಲ್ಲು ಮೊಳಕಾಲಿಗೂ ಬರುತ್ತಿರಲಿಲ್ಲ. ಕಲ್ಲಿನ ಕೆಳಗೆ ಎರಡು ಚಪ್ಪಡಿ ಕೊಟ್ಟರೆ ಸರಿಹೋಗುತ್ತದೆ, ಅರ್ಧ ದಿನದ ಕೆಲಸ, ನಾನೂ ಕೈಹಾಕುತ್ತೇನೆ ಎಂದೆ.

ಮಾವ ನಲ್ಲಿಯ ಕೆಳಗೆ ಕೈ ತೊಳೆದುಕೊಳ್ಳುತ್ತಿದ್ದರು. ತಿರುಗಿ ನೋಡಲಿಲ್ಲ.

"ಬ್ಯಾಡ ಕಣಪ್ಪ," ಎಂದರು. "ಕುಂತ್ಕೊಂಡೇ ಒಗೀಲಿ ಬಿಡು. ಆಯಮ್ಮನ ಕಾಲೂ ನೋಯ್ತಿರ್ತಾವೆ."