ಲೊಚಗುಟ್ಟುವ ಹುದ್ದೆ

ಕೊಳ್ಳೇಗಾಲದ ಕಡೆಯ ಒಂದು ಆಸ್ಪತ್ರೆಯಲ್ಲಿ ಕಳೆದ ಬೇಸಿಗೆಯಲ್ಲಿ ಕರುಣೆಯ ದಾಸ್ತಾನು ಮುಗಿಯಿತು. ಗ್ಲೂಕೋಸ್ ಇತ್ತು, ಬ್ಯಾಂಡೇಜ್ ಇತ್ತು. ‘ಅಯ್ಯೋ ಪಾಪ’ ಮಾತ್ರ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಇದು ಮೊದಲು ಗೊತ್ತಾದದ್ದು ಹೆಂಗಸರ ವಾರ್ಡಿನ ನರ್ಸ್ ಪದ್ಮಿನಿಗೆ. ಜೊತೆಯವಳನ್ನು ಹನೂರಿಗೆ ನಿಯೋಜಿಸಿದ ಮೇಲೆ ಎರಡು ಪಾಳಿಯೂ ಅವಳ ಹೆಗಲಿಗೇ ಬಿದ್ದಿತ್ತು. ಒಂದು ದಿನ ಧನಗೆರೆಯಿಂದ ಜ್ವರ ಹೊತ್ತು ಬಂದ ಮುದುಕಿಯ ಕೈಗೆ ಸೂಜಿ ಚುಚ್ಚುತ್ತ, ಮುಖವನ್ನೂ ನೋಡದೆ, “ಹೆಸರು?” ಅಂದಳು.

“ಚಿಕ್ಕನಿಂಗಮ್ಮ. ನಿಮ್ಮವ್ವ ಕಣ್ ಮಗಾ.”

“ವಯಸ್ಸು?” ಎಂದಳು ಪದ್ಮಿನಿ.

ಆಮೇಲೆ ಅವಳಿಗೇ ಹೆದರಿಕೆಯಾಯಿತು. ನೇರವಾಗಿ ವೈದ್ಯಾಧಿಕಾರಿ ವೃಷಭೇಂದ್ರಪ್ಪನವರ ಕೋಣೆಗೆ ಹೋದಳು. “ಒಂದ್ ವಾರ ರಜ ಕೊಡಿ ಸಾ. ಎತ್ತವ್ವನ ಮೊಕ ಕಂಡ್ರೂ ಏನೂ ಅನ್ನುಸ್ತಿಲ್ಲ. ಊರ್ಗೋಗಿ ಜಗಲಿ ಮ್ಯಾಲೆ ಮನೀಕತೀನಿ.”

ವೃಷಭೇಂದ್ರಪ್ಪನವರಿಗೂ ಏನೂ ಅನ್ನಿಸದೆ ವರ್ಷಗಳಾಗಿದ್ದವು. ಆ ಅವಧಿಯಲ್ಲೇ ಅವರಿಗೆ ಬಡ್ತಿಯೂ ಬಂದಿತ್ತು. “ನೋಡವ್ವ, ಏನೂ ಅನ್ನುಸ್ತಿಲ್ಲ ಅಂದೋರಿಗೆಲ್ಲ ರಜ ಕೊಟ್ರೆ ಇಲಾಖೇಲಿ ಯಾರಿರ್ತಾರೆ?” ಎಂದರು. ಆದರೂ ನ್ಯಾಯವಂತರು, ಮೇಲಿನವರಿಗೆ ಬರೆದರು.

ಮೇಲಿನವರು ವಿಷಯವನ್ನು ಗಂಭೀರವಾಗಿ ಪರಿಗಣಿಸಿದರು. ಇನ್ನೊಬ್ಬ ನರ್ಸನ್ನು ಕಳಿಸಲಿಲ್ಲ, ಸುತ್ತೋಲೆ ಕಳಿಸಿದರು: “ಸಿಬ್ಬಂದಿಯಲ್ಲಿ ಕರುಣೆ ಬತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಕೊರತೆಯನ್ನು ಸ್ಥಳೀಯವಾಗಿ ಲಭ್ಯವಿರುವ ಕರುಣೆಯಿಂದಲೇ ನೀಗಿಸತಕ್ಕದ್ದು. ಪ್ರತಿಯೊಬ್ಬ ರೋಗಿಯೂ ತನ್ನ ನೋವು ಹೇಳುವ ಮುನ್ನ ಸಿಬ್ಬಂದಿಯ ನೋವನ್ನು ವಿಚಾರಿಸಿ, ಸ್ಪಷ್ಟವಾಗಿ ಕೇಳಿಸುವಂತೆ ಲೊಚಗುಟ್ಟತಕ್ಕದ್ದು.”

ಜನ ತಕರಾರು ತೆಗೆಯಲಿಲ್ಲ. ಈ ಸೀಮೆಯಲ್ಲಿ ಲೊಚಗುಟ್ಟುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗುರುತಿಲ್ಲದವರ ಕರು ಸತ್ತರೂ ದಾರಿಯಲ್ಲಿ ನಿಂತು ಲೊಚಗುಟ್ಟಿಯೇ ಮುಂದೆ ಹೋಗುವ ಮಂದಿ. ಕುಂತೂರಿನಲ್ಲಿ ಕಬ್ಬಿನ ಟ್ರಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡ ಹೆಂಗಸೊಬ್ಬಳು ಸ್ಟ್ರೆಚರಿನ ಮೇಲಿಂದಲೇ “ಅಯ್ಯೋ ಪಾಪ, ಸ್ವಾಂಟ ನೋವಾ ಸಿಸ್ಟರಮ್ಮ?” ಎಂದು ವಿಚಾರಿಸಿ, ನಿಯಮದಂತೆ ಲೊಚಗುಟ್ಟಿ, ಅನಂತರ ಮೂರ್ಛೆ ಹೋದಳು.

ವಾರ್ಡಿನಲ್ಲೇ ಮಲಗಿದ್ದ ಚಿಕ್ಕನಿಂಗಮ್ಮನ ಸರದಿಯೂ ಬಂತು. ಅವಳು ನಿಯಮವನ್ನು ಕೇಳಿರಲೇ ಇಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, “ಉಂಡ್ಯಾ ಮಗಾ? ಎಂಗ್ ಸೊರಗೋಗಿದ್ದೀಯೆ” ಎಂದು ಲೊಚಗುಟ್ಟಿದಳು. ಪದ್ಮಿನಿ ಗೊಳೋ ಎಂದು ಅತ್ತುಬಿಟ್ಟಳು. ಎಷ್ಟೋ ಕಾಲದ ಮೇಲೆ ಅವಳ ಎದೆ ಹಗುರಾಯಿತು.

ವೃಷಭೇಂದ್ರಪ್ಪನವರು ಬಾಗಿಲಲ್ಲೇ ನಿಂತು ನೋಡಿದರು. ಕಣ್ಣೀರು ಬಂದಿರುವುದರಿಂದ ಸಿಬ್ಬಂದಿ ಗುಣಮುಖ ಎಂದು ತೀರ್ಮಾನಿಸಿ ರಜೆ ತಿರಸ್ಕರಿಸಿದರು. ಮುದುಕಿಯ ಜ್ವರ ಬಿಟ್ಟಿತ್ತು. ಆದರೆ ಇಷ್ಟು ಒಳ್ಳೆಯ ಮದ್ದನ್ನು ಊರಿಗೆ ಕಳಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಡಿಸ್ಚಾರ್ಜ್ ತಡೆದರು. ಹೊರಗೆ ಒಂದು ಬೆಂಚು ಹಾಕಿಸಿ ಅವಳನ್ನು ಕೂರಿಸಿದರು.

ಬೆಳಿಗ್ಗೆಯಿಂದ ಸಾಲು. ಕಾಂಪೌಂಡರ್, ಆಂಬುಲೆನ್ಸ್ ಡ್ರೈವರ್, ಆಯಾಗಳು. ಸುದ್ದಿ ಹಬ್ಬಿ ಯಳಂದೂರಿನ ಸಿಬ್ಬಂದಿ ಜೀಪು ಮಾಡಿಕೊಂಡು ಬಂದರು. ತಮ್ಮ ವರ್ಗಾವಣೆಯ ದುಃಖ ಹೇಳಿಕೊಳ್ಳಲು ವೃಷಭೇಂದ್ರಪ್ಪನವರೂ ಬಂದರು. ಚಿಕ್ಕನಿಂಗಮ್ಮ ಎಲ್ಲರ ತಲೆ ಸವರಿದಳು, ಎಲ್ಲರಿಗೂ ಲೊಚಗುಟ್ಟಿದಳು. “ಯಾವಾಗ ಮನೀಗ್ ಕಳುಸ್ತೀರಪ್ಪ?” ಎಂದು ಕೇಳಿದರೆ, “ನಿಮ್ಮ ಬದಲಿಗೆ ಯಾರಾದ್ರೂ ಬಂದ ಕೂಡ್ಲೇ” ಎಂದರು ವೃಷಭೇಂದ್ರಪ್ಪನವರು. ಪದ್ಮಿನಿಯೂ ಸಾಲಿನಲ್ಲೇ ನಿಲ್ಲುತ್ತಿದ್ದಳು. ಆ ಕೈ ತಲೆ ಮೇಲೆ ಬಿದ್ದರೆ ಆವತ್ತಿನ ಎರಡು ಪಾಳಿ ಹೇಗೋ ಕಳೆಯುತ್ತಿತ್ತು.

ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಪದ್ಮಿನಿಯ ಸರದಿ ಬಂತು. ಮುದುಕಿ ಗೋಡೆಯ ಕಡೆ ನೋಡುತ್ತಿದ್ದಳು.

“ಎಸ್ರು?” ಅಂದಳು.

“ಪದ್ಮಿನಿ. ನಿನ್ ಮಗ್ಳು ಕಣವ್ವ.”

“ವಯಸ್ಸು?”

ಹಿಂದೆ ನಿಂತಿದ್ದ ವೃಷಭೇಂದ್ರಪ್ಪನವರು, “ಇವರೂ ಈಗ ಪೂರಾ ನಮ್ಮ ಸಿಬ್ಬಂದಿಯೇ ಆದರು” ಎಂದು ಸಂತೋಷಪಟ್ಟು, ಮುದುಕಿಯ ಅಳತೆಗೆ ಒಂದು ಬಿಳಿ ಕೋಟು ಹೊಲಿಸಲು ಹೇಳಿದರು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಪದ್ಮಿನಿ ವಯಸ್ಸು ಹೇಳಿ, ಹಿಂದಿನವರಿಗೆ ಜಾಗ ಬಿಟ್ಟಳು.